ಮಲಗಿಸಿ ನುಡಿಸುವ ಗಿಟಾರು: ಹವಾಯಿಯ ಹಳ್ಳಿಯಿಂದ ನಮ್ಮೂರ ರೇಡಿಯೊವರೆಗೆ

ಕೆರೆಬಿಳಚಿಯ ಒಂದು ಚಹಾದಂಗಡಿ. ಸಂಜೆ ಹೊತ್ತು. ನಾವು ಮೂವರು ಬೆಂಚಿನ ಮೇಲೆ ಕೂತಿದ್ದೆವು. ಅಂಗಡಿಯವರ ಮೊಬೈಲಿನಿಂದ ಹಳೇ ಹಿಂದಿ ಸಿನಿಮಾದ ಹಾಡೊಂದು ಬರುತ್ತಿತ್ತು. ಹಾಡು ಅಂದರೆ ಅದರಲ್ಲಿ ಮಾತಿರಲಿಲ್ಲ, ಹಾಡುವವರೂ ಇರಲಿಲ್ಲ. ಬರೀ ವಾದ್ಯ. ಆದರೂ ಯಾರೋ ಬಾಯಿ ಮುಚ್ಚಿಕೊಂಡು ಗುನುಗುತ್ತಿದ್ದಾರೇನೋ ಅನ್ನುವ ಹಾಗೆ ಕೇಳಿಸುತ್ತಿತ್ತು. ಒಂದು ಸ್ವರದಿಂದ ಇನ್ನೊಂದಕ್ಕೆ ಜಿಗಿಯುತ್ತಿರಲಿಲ್ಲ, ಜಾರುತ್ತಿತ್ತು.

ಇದು ಯಾವ ವಾದ್ಯ ಅಂತ ನಮ್ಮನಮ್ಮಲ್ಲೇ ಚರ್ಚೆ ಶುರುವಾಯಿತು. ಒಬ್ಬರು ವೀಣೆ ಅಂದರು, ಇನ್ನೊಬ್ಬರು ಪಿಟೀಲು ಅಂದರು, ಮೂರನೆಯವರು "ಕೀಬೋರ್ಡಲ್ಲಿ ಎಲ್ಲ ಬರುತ್ತೆ ಬಿಡ್ರೋ" ಅಂದರು. ಪಕ್ಕದ ಬೆಂಚಿನಲ್ಲಿ ಬೀಡಿ ಸೇದುತ್ತಿದ್ದ ಹಿರಿಯರೊಬ್ಬರು ನಕ್ಕರು. "ಗಿಟಾರು ಕಣ್ರಪ್ಪಾ ಅದು. ಕೊಳ್ಳಿಗೆ ಹಾಕ್ಕಂಡು ಕುಣೀತಾರಲ್ಲ, ಆ ಥರದ್ದಲ್ಲ. ತೊಡೆ ಮ್ಯಾಲೆ ಮಲಗ್ಸಿ ಬಾರ್ಸದು. ಮೊದ್ಲೆಲ್ಲಾ ರೇಡಿಯೋದಾಗೆ ದಿನಾ ಬರ್ತಿತ್ತು" ಅಂದರು.

ಗಿಟಾರು ಮಲಗಿಸಿ ಬಾರಿಸೋದೇ? ಮನೆಗೆ ಬಂದ ಮೇಲೂ ಈ ಮಾತು ತಲೆಯಿಂದ ಹೋಗಲಿಲ್ಲ. ಅದನ್ನು ಮೊದಲು ಹೀಗೆ ಮಲಗಿಸಿದವರು ಯಾರು? ಯಾಕೆ ಮಲಗಿಸಿದರು? ಅದು ನಮ್ಮ ದೇಶಕ್ಕೆ, ನಮ್ಮ ರೇಡಿಯೊಗೆ ಹೇಗೆ ಬಂತು? ಹುಡುಕುತ್ತಾ ಹೋದೆವು. ಸಿಕ್ಕಿದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇವೆ.

ಜಿಗಿಯುವ ಸ್ವರ, ಜಾರುವ ಸ್ವರ

ಕಥೆಗೆ ಹೋಗುವ ಮೊದಲು ಒಂದು ಸಣ್ಣ ವಿಷಯ ತಿಳಿದುಕೊಳ್ಳೋಣ. ಭಜನೆ ಮನೆಯ ಹಾರ್ಮೋನಿಯಂ ನೀವು ನೋಡಿದ್ದೀರಿ. ಅದರಲ್ಲಿ ಬಿಳಿ ಮನೆ, ಕಪ್ಪು ಮನೆ ಅಂತ ಇರುತ್ತವೆ. ಒಂದು ಮನೆ ಒತ್ತಿದರೆ ಒಂದು ಸ್ವರ. ಪಕ್ಕದ್ದು ಒತ್ತಿದರೆ ಇನ್ನೊಂದು. ಎರಡು ಮನೆಗಳ ನಡುವೆ ಇರುವ ಜಾಗದಲ್ಲಿ ಏನೂ ಇಲ್ಲ. ಮೆಟ್ಟಿಲು ಹತ್ತಿದ ಹಾಗೆ, ಒಂದರಿಂದ ಇನ್ನೊಂದಕ್ಕೆ ಕಾಲಿಡಬೇಕು.

ಮಾಮೂಲಿ ಗಿಟಾರೂ ಹಾಗೆಯೇ. ಅದರ ಕತ್ತಿನ ಉದ್ದಕ್ಕೂ ಲೋಹದ ಅಡ್ಡಪಟ್ಟಿಗಳಿವೆ. ವೀಣೆಯಲ್ಲಿ ಅವನ್ನು ಮೆಟ್ಟಿಲು ಅನ್ನುತ್ತಾರೆ. ಬೆರಳಿನಿಂದ ತಂತಿಯನ್ನು ಆ ಮೆಟ್ಟಿಲಿಗೆ ಒತ್ತಿದರೆ ಒಂದು ಗೊತ್ತಾದ ಸ್ವರ ಬರುತ್ತದೆ. ವೀಣೆಯಲ್ಲಾದರೆ ಮೆಟ್ಟಿಲು ಎತ್ತರವಿದ್ದು ತಂತಿ ಸಡಿಲವಿರುವುದರಿಂದ, ತಂತಿಯನ್ನು ಪಕ್ಕಕ್ಕೆ ಎಳೆದು ಸ್ವರವನ್ನು ಬಾಗಿಸಬಹುದು. ಗಿಟಾರಿನಲ್ಲಿ ಅಷ್ಟು ಅವಕಾಶ ಇಲ್ಲ.

ಮನುಷ್ಯನ ಗಂಟಲು ಹಾಗಲ್ಲ. ತಾಯಿ ಜೋಗುಳ ಹಾಡುವಾಗ ಸ್ವರವನ್ನು ಎಳೆಯುತ್ತಾಳೆ, ತೂಗುತ್ತಾಳೆ. ನಮ್ಮ ಸಂಗೀತದಲ್ಲಿ ಇದಕ್ಕೆ ಗಮಕ ಅನ್ನುತ್ತಾರೆ, ಹಿಂದೂಸ್ತಾನಿಯವರು ಮೀಂಡ್ ಅನ್ನುತ್ತಾರೆ. ಶಾಸ್ತ್ರೀಯ ಸಂಗೀತವೇ ಆಗಬೇಕಿಲ್ಲ. ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋದವರು ಜೋಗತಿಯರ ಚೌಡಿಕೆ ಕೇಳಿರುತ್ತೀರಿ. ಅದಕ್ಕಿರುವುದು ಒಂದೇ ತಂತಿ. ಅದನ್ನೇ ಬಿಗಿ ಮಾಡಿ, ಸಡಿಲ ಮಾಡಿ ಸ್ವರವನ್ನು ಎಳೆದಾಡಿಸುತ್ತಾರೆ. ಚೌಡಿಕೆ ಪದ ಕೇಳುತ್ತಿದ್ದರೆ ತಂತಿಯೂ ಜೊತೆಗೆ ಮಾತಾಡುತ್ತಿದೆ ಅನ್ನಿಸುವುದು ಈ ಎಳೆತದಿಂದಲೇ.

ಈಗ ಒಂದು ಪ್ರಯೋಗ ಮಾಡಿ ನೋಡಿ. ಬಿಗಿಯಾಗಿ ಕಟ್ಟಿದ ಯಾವುದಾದರೂ ತಂತಿಯನ್ನು ಮೀಟಿ. ಅದು ಇನ್ನೂ ನುಡಿಯುತ್ತಿರುವಾಗಲೇ ಒಂದು ಉಕ್ಕಿನ ಚಮಚದ ಹಿಂಬದಿಯನ್ನು ಅದರ ಮೇಲೆ ಹಗುರವಾಗಿ ಇಟ್ಟು ಜಾರಿಸಿ. ಒತ್ತಬೇಡಿ, ತಾಗಿದರೆ ಸಾಕು. ಸ್ವರ ಮೇಲಕ್ಕೂ ಕೆಳಕ್ಕೂ ಜಾರುತ್ತದೆ. ಸ್ಟೀಲ್ ಗಿಟಾರಿನ ಗುಟ್ಟು ಇಷ್ಟೇ. ಬೆರಳಿನ ಬದಲು ಉಕ್ಕಿನ ತುಂಡು, ಮೆಟ್ಟಿಲಿನ ಬದಲು ಜಾರುಬಂಡಿ. ತೊಡೆಯ ಮೇಲೆ ಮಲಗಿಸಿದರೆ ಎಡಗೈ ಆರಾಮಾಗಿ ಮೇಲಿನಿಂದ ಜಾರಬಹುದು, ಅದಕ್ಕೇ ಮಲಗಿಸುವುದು.

ದನ ಕಾಯಲು ಬಂದವರ ಗಿಟಾರು

ಈ ಕಥೆ ಶುರುವಾಗುವುದು ಪೆಸಿಫಿಕ್ ಸಾಗರದ ನಡುವೆ ಇರುವ ಹವಾಯಿ ದ್ವೀಪಗಳಲ್ಲಿ. ನಿಜ ಹೇಳಬೇಕೆಂದರೆ, ದನಗಳಿಂದ!

1793ರಲ್ಲಿ ಜಾರ್ಜ್ ವ್ಯಾಂಕೂವರ್ ಎಂಬ ಇಂಗ್ಲಿಷ್ ನಾವಿಕ ಹವಾಯಿಯ ರಾಜ ಒಂದನೇ ಕಮೆಹಮೆಹನಿಗೆ ಕೆಲವು ದನಗಳನ್ನು ಉಡುಗೊರೆ ಕೊಟ್ಟ. ಅಲ್ಲಿ ಮೊದಲು ದನಗಳೇ ಇರಲಿಲ್ಲ. ಅವನ್ನು ಕೊಲ್ಲಬಾರದು ಅಂತ ರಾಜ ಕಟ್ಟಪ್ಪಣೆ ಮಾಡಿದ. ಕೆಲವೇ ದಶಕಗಳಲ್ಲಿ ಅವು ಸಾವಿರಗಟ್ಟಲೆಯಾಗಿ, ಕಾಡುದನಗಳಾಗಿ, ಹೊಲಗದ್ದೆಗಳನ್ನು ತುಳಿದು ಹಾಳು ಮಾಡತೊಡಗಿದವು. ಅಲ್ಲಿನ ಜನಕ್ಕೆ ದನ ಹಿಡಿದು ಪಳಗಿಸುವ ಕೆಲಸ ಗೊತ್ತಿರಲಿಲ್ಲ. 1830ರ ದಶಕದಲ್ಲಿ, ಮುಂದೆ ರಾಜನಾದ ಮೂರನೇ ಕಮೆಹಮೆಹನ ಕಾಲಕ್ಕೆ ಮೆಕ್ಸಿಕೊ ಕಡೆಯಿಂದ ಕುದುರೆ ಸವಾರಿಯ ದನಗಾಹಿಗಳನ್ನು ಕರೆಸಲಾಯಿತು. ಅವರು ಹಗ್ಗ, ಜೀನು ಮಾತ್ರವಲ್ಲ, ಗಿಟಾರುಗಳನ್ನೂ ತಂದರು.

ಹವಾಯಿ ಜನ ಗಿಟಾರನ್ನು ಕಲಿತರು, ಆದರೆ ಕಲಿಸಿದ ಹಾಗೆಯೇ ಬಾರಿಸಲಿಲ್ಲ. ಬಿರಡೆ ತಿರುಗಿಸಿ ತಂತಿಗಳನ್ನು ಸಡಿಲ ಮಾಡಿ, ಬೆರಳೇ ಇಡದೆ ಸುಮ್ಮನೆ ಮೀಟಿದರೂ ಎಲ್ಲ ತಂತಿಗಳೂ ಒಂದಕ್ಕೊಂದು ಹೊಂದುವಂತೆ ಶ್ರುತಿ ಮಾಡಿಕೊಂಡರು. ಅವರ ಭಾಷೆಯಲ್ಲಿ ಇದಕ್ಕೆ 'ಕೀ ಹೋ ಆಲು' ಅಂತ ಹೆಸರು. ಸಡಿಲಿಸಿದ ಶ್ರುತಿ ಅಂತ ಅರ್ಥ.

ಈ ಸಣ್ಣ ಬದಲಾವಣೆ ಇಲ್ಲದಿದ್ದರೆ ಮುಂದಿನದು ಆಗುತ್ತಲೇ ಇರಲಿಲ್ಲ. ಉಕ್ಕಿನ ತುಂಡು ನೆಟ್ಟಗಿರುತ್ತದೆ. ಬೆರಳುಗಳ ಹಾಗೆ ಒಂದೊಂದು ತಂತಿಯನ್ನು ಒಂದೊಂದು ಕಡೆ ಒತ್ತಲು ಅದಕ್ಕೆ ಬರುವುದಿಲ್ಲ. ಎಲ್ಲ ತಂತಿಗಳ ಮೇಲೆ ಅಡ್ಡಕ್ಕೆ ಕೂರುತ್ತದೆ. ತಂತಿಗಳು ಮೊದಲೇ ಹೊಂದಿಕೊಂಡಿದ್ದರೆ ಮಾತ್ರ ಎಲ್ಲಿಗೆ ಜಾರಿಸಿದರೂ ಇಂಪಾಗಿರುತ್ತದೆ. ದನಗಾಹಿಗಳ ಗಿಟಾರು, ದ್ವೀಪದವರ ಸಡಿಲ ಶ್ರುತಿ, ಎರಡೂ ಸೇರಿ ಹೊಲ ಹದವಾಗಿತ್ತು. ಬಿತ್ತುವವರೊಬ್ಬರು ಬರಬೇಕಿತ್ತು.

ಲಾಯಿಯೆ ಹಳ್ಳಿಯ ಹುಡುಗ

ಓಆಹು ದ್ವೀಪದಲ್ಲಿ ಲಾಯಿಯೆ ಅಂತ ಒಂದು ಹಳ್ಳಿ. ಕಬ್ಬು ಬೆಳೆಯುತ್ತಿದ್ದ ಊರು. ಅಲ್ಲಿ 1870ರ ದಶಕದಲ್ಲಿ ಹುಟ್ಟಿದವನು ಜೋಸೆಫ್ ಕೆಕೂಕು. ಸ್ಟೀಲ್ ಗಿಟಾರಿನ ಜನಕ ಅಂತ ಇವತ್ತು ಹೆಚ್ಚಿನವರು ಒಪ್ಪುವುದು ಇವನನ್ನೇ.

ಕಥೆ ಹೀಗಿದೆ. ಸುಮಾರು 1885ರಲ್ಲಿ, ಹನ್ನೊಂದು ವರ್ಷದ ಹುಡುಗ ಗಿಟಾರು ಹಿಡಿದು ನಡೆಯುತ್ತಿದ್ದಾಗ ದಾರಿಯಲ್ಲಿ ಒಂದು ಕಬ್ಬಿಣದ ಬೋಲ್ಟು ಸಿಕ್ಕಿತಂತೆ. ಎತ್ತಿಕೊಂಡಾಗ ಅದು ತಂತಿಗೆ ತಾಗಿ ಹೊಸದೊಂದು ನಾದ ಹೊರಟಿತಂತೆ. ಬೋಲ್ಟಲ್ಲ, ಬಾಚಣಿಗೆ ಅನ್ನುವವರೂ ಇದ್ದಾರೆ. ಚಾಕುವಿನ ಹಿಂಬದಿ ಅನ್ನುವವರೂ ಇದ್ದಾರೆ. ಯಾವುದೇ ಇರಲಿ, ಇಂಥ ನಾದ ಎಷ್ಟೋ ಜನರ ಕೈಯಲ್ಲಿ ಅಕಸ್ಮಾತ್ತಾಗಿ ಹೊರಟಿರಬಹುದು. ಕೆಕೂಕು ಅದನ್ನು ಅಲ್ಲಿಗೇ ಬಿಡಲಿಲ್ಲ, ಅದೇ ಅವನ ದೊಡ್ಡತನ. ಹೊನೊಲುಲುವಿನ ಕಮೆಹಮೆಹ ಶಾಲೆಗೆ ಸೇರಿದ ಮೇಲೆ ಅಲ್ಲಿನ ಕೈಕೆಲಸದ ಕೊಠಡಿಯಲ್ಲಿ ಉಕ್ಕಿನ ನಯವಾದ ತುಂಡೊಂದನ್ನು ಮಾಡಿಕೊಂಡ. ತುಂಡು ಮೆಟ್ಟಿಲಿಗೆ ತಾಗಿ ಕರಕರ ಅನ್ನಬಾರದೆಂದು ತಂತಿಗಳನ್ನು ಎತ್ತರಿಸಿದ. ವರ್ಷಗಟ್ಟಲೆ ಸಾಧನೆ ಮಾಡಿದ. ಜೊತೆಯ ಹುಡುಗರಿಗೂ ಕಲಿಸಿದ. ಒಬ್ಬನ ಆಟವಾಗಿದ್ದದ್ದು ಹೀಗೆ ಹಲವರ ವಿದ್ಯೆಯಾಯಿತು.

ಆದರೆ ಈ ಹೆಗ್ಗಳಿಕೆಗೆ ಬೇರೆ ಹೆಸರುಗಳೂ ಇವೆ. ಅದರಲ್ಲೊಂದು ಹೆಸರು ನಮ್ಮನ್ನು ಹಿಡಿದು ನಿಲ್ಲಿಸಿತು: ಗೇಬ್ರಿಯಲ್ ಡೇವಿಯನ್. ಹವಾಯಿಯಲ್ಲಿ ಉಳಿದುಬಂದ ನೆನಪಿನ ಪ್ರಕಾರ ಇವನು ಭಾರತದಲ್ಲಿ ಹುಟ್ಟಿದವನು. ಹಡಗಿನ ಕಪ್ತಾನನೊಬ್ಬ ಅವನನ್ನು ಚಿಕ್ಕಂದಿನಲ್ಲೇ ಅಪಹರಿಸಿ ಹೊನೊಲುಲುವಿಗೆ ತಂದಿದ್ದನಂತೆ. 1880ರ ದಶಕದಲ್ಲೇ ಅವನು ಗಿಟಾರಿನ ತಂತಿಯ ಮೇಲೆ ಜಾರಿಸಿ ನುಡಿಸುತ್ತಿದ್ದುದನ್ನು ಕಂಡೆವು ಅಂತ ಹೇಳಿದವರಿದ್ದಾರೆ. ಅವನು ಯಾವ ಊರಿನವನು, ಯಾವ ಭಾಷೆ ಆಡುತ್ತಿದ್ದ, ಹುಟ್ಟೂರಿನಲ್ಲಿ ಯಾವ ವಾದ್ಯ ಕೇಳಿ ಬೆಳೆದಿದ್ದ, ಇದ್ಯಾವುದನ್ನೂ ಯಾರೂ ಬರೆದಿಡಲಿಲ್ಲ. ಕೆಕೂಕುವಿನ ಊರಲ್ಲಿ ಇವತ್ತು ಅವನ ಪ್ರತಿಮೆ ನಿಂತಿದೆ. ಡೇವಿಯನ್ ಪುಸ್ತಕಗಳಲ್ಲಿ ಒಂದೆರಡು ಸಾಲು ಮಾತ್ರ.

ನಮ್ಮಲ್ಲಿ ಮೊದಲೇ ಇತ್ತು

ಭಾರತದಲ್ಲಿ ಹುಟ್ಟಿದ ಹುಡುಗನಿಗೆ ತಂತಿಯ ಮೇಲೆ ಜಾರಿಸುವುದು ಗೊತ್ತಿರಲು ಸಾಧ್ಯವೇ? ಸಾಧ್ಯವಿತ್ತು. ಯಾಕೆಂದರೆ ಈ ವಿದ್ಯೆ ನಮ್ಮ ನೆಲದಲ್ಲಿ ಬಹಳ ಹಳೆಯದು.

13ನೇ ಶತಮಾನದಲ್ಲಿ ದೇವಗಿರಿಯ ಸೇವುಣರ ಆಸ್ಥಾನದಲ್ಲಿದ್ದ ಶಾರ್ಙ್ಗದೇವ 'ಸಂಗೀತ ರತ್ನಾಕರ' ಬರೆದ. ಅದರಲ್ಲಿ ಏಕತಂತ್ರಿ ವೀಣೆಯ ವಿವರ ಇದೆ. ಹೆಸರೇ ಹೇಳುವಂತೆ ಒಂದೇ ತಂತಿ. ಎಡಗೈಯಲ್ಲಿ ಬಿದಿರಿನ ತುಂಡು ಹಿಡಿದು ತಂತಿಯ ಮೇಲೆ ಜಾರಿಸುತ್ತಿದ್ದರು. ಉತ್ತರ ಭಾರತದ ವಿಚಿತ್ರ ವೀಣೆಯನ್ನು ಗಾಜಿನ ಗುಂಡಿನಿಂದ ಜಾರಿಸಿ ನುಡಿಸುತ್ತಾರೆ.

ದಕ್ಷಿಣದಲ್ಲಿ ಗೋಟುವಾದ್ಯ ಇದೆ. ನೋಡಲು ವೀಣೆಯ ಹಾಗೇ, ಆದರೆ ಮೆಟ್ಟಿಲೇ ಇಲ್ಲ. ನೆಲದ ಮೇಲೆ ಮಲಗಿಸಿ, ಕರಿಮರದ ನಯವಾದ ತುಂಡನ್ನು ತಂತಿಗಳ ಮೇಲೆ ಜಾರಿಸಿ ನುಡಿಸುವುದು. ತಂಜಾವೂರು ಸೀಮೆಯ ತಿರುವಿಡೈಮರುದೂರಿನ ಸಖಾರಾಮ ರಾಯರು ಇದನ್ನು ಕಛೇರಿಯ ವಾದ್ಯವಾಗಿ ಪ್ರಸಿದ್ಧಿಗೆ ತಂದರು. ಅವರ ಶಿಷ್ಯ ನಾರಾಯಣ ಅಯ್ಯಂಗಾರ್ಯರು ಎಷ್ಟು ಹೆಸರಾದರೆಂದರೆ 'ಗೋಟುವಾದ್ಯಂ' ಅನ್ನುವುದು ಅವರ ಹೆಸರಿನ ಭಾಗವೇ ಆಯಿತು. ಇದೇ ಮನೆತನದ ಎನ್. ರವಿಕಿರಣ್ ಹುಟ್ಟಿದ್ದು 1967ರಲ್ಲಿ, ಮೈಸೂರಿನಲ್ಲಿ. ಚಿತ್ರವೀಣೆ ಅನ್ನುವ ಹೆಸರಿನಲ್ಲಿ ಈ ವಾದ್ಯವನ್ನು ಜಗತ್ತಿನ ವೇದಿಕೆಗಳಿಗೆ ಕೊಂಡೊಯ್ದವರು ಅವರು.

ಹಾಗಂತ ಸ್ಟೀಲ್ ಗಿಟಾರು ನಮ್ಮದೇ, ಹವಾಯಿಯವರು ನಮ್ಮಿಂದ ಕದ್ದರು ಅಂತ ಯಾರಾದರೂ ವಾಟ್ಸಾಪಿನಲ್ಲಿ ಕಳಿಸಿದರೆ ನಂಬಬೇಡಿ. ಗೋಟುವಾದ್ಯದಿಂದ ಹವಾಯಿಗೆ ಹೋದ ದಾರಿಗೆ ಪುರಾವೆ ಇಲ್ಲ. ಬಾವಿ ತೋಡುವ ವಿದ್ಯೆಯನ್ನು ಎಲ್ಲ ಊರಿನವರೂ ಒಬ್ಬರಿಂದಲೇ ಕಲಿತರೇ? ನೀರು ಬೇಕಾದವರು ತೋಡಿದರು. ಹಾಡಿನ ಎಳೆತ ತಂತಿಯಲ್ಲೂ ಬೇಕು ಅನ್ನಿಸಿದವರು ಬೇರೆ ಬೇರೆ ಕಡೆ ಬೇರೆ ಬೇರೆ ಕಾಲದಲ್ಲಿ ಜಾರಿಸಿದರು.

ಇದಕ್ಕೆ ಅಮೆರಿಕದಲ್ಲೇ ಇನ್ನೊಂದು ಸಾಕ್ಷಿ ಇದೆ. ಡಬ್ಲ್ಯು. ಸಿ. ಹ್ಯಾಂಡಿ ಎಂಬ ಹೆಸರಾಂತ ಕರಿಯ ಸಂಗೀತಗಾರರು ತಮ್ಮ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಸುಮಾರು 1903ರಲ್ಲಿ ಮಿಸಿಸಿಪ್ಪಿ ರಾಜ್ಯದ ಟಟ್‌ವೈಲರ್ ಎಂಬ ಸಣ್ಣ ರೈಲು ನಿಲ್ದಾಣದಲ್ಲಿ ಅವರು ರೈಲಿಗೆ ಕಾದು ತೂಕಡಿಸುತ್ತಿದ್ದರು. ಪಕ್ಕದಲ್ಲಿ ಹರಿದ ಬಟ್ಟೆ ತೊಟ್ಟ ಕರಿಯನೊಬ್ಬ ಗಿಟಾರಿನ ತಂತಿಯ ಮೇಲೆ ಚಾಕು ಒತ್ತಿ ಜಾರಿಸುತ್ತ ಹಾಡುತ್ತಿದ್ದ. ಹ್ಯಾಂಡಿಯವರಿಗೆ ಆ ನಾದ ಜೀವನಪೂರ್ತಿ ಮರೆಯಲಿಲ್ಲ. ಹತ್ತಿಹೊಲದ ಕೂಲಿಗಳ ಆ ಹಾಡುಗಾರಿಕೆಯೇ ಮುಂದೆ ಬ್ಲೂಸ್ ಅಂತ ಜಗತ್ಪ್ರಸಿದ್ಧವಾಯಿತು. ಆದರೆ ಆ ನಿಲ್ದಾಣದಲ್ಲಿ ಕೂತಿದ್ದವನ ಹೆಸರು? ಅದನ್ನೂ ಯಾರೂ ಬರೆದಿಡಲಿಲ್ಲ.

ದೇಶ ಹೋಯಿತು, ಹಾಡು ಹೊರಟಿತು

ಹವಾಯಿಗೆ ವಾಪಸ್ ಬರೋಣ. ಕೆಕೂಕು ಬೆಳೆಯುತ್ತಿದ್ದ ಕಾಲ ಅಲ್ಲಿನ ಜನಕ್ಕೆ ಕೆಟ್ಟ ಕಾಲ. 1893ರಲ್ಲಿ ಅಮೆರಿಕ ಮೂಲದ ವ್ಯಾಪಾರಿಗಳೂ ತೋಟದ ಮಾಲೀಕರೂ ಸೇರಿ ರಾಣಿ ಲಿಲಿಉಓಕಲಾನಿಯನ್ನು ಪದಚ್ಯುತಗೊಳಿಸಿದರು. ಆ ರಾಣಿ ಸ್ವತಃ ಹಾಡು ಕಟ್ಟುವವಳು. 1896ರ ಕಾನೂನು ಶಾಲೆಗಳಲ್ಲಿ ಇಂಗ್ಲಿಷನ್ನೇ ಕಲಿಕೆಯ ಭಾಷೆ ಮಾಡಿತು. ಮಕ್ಕಳ ಬಾಯಿಂದ ಹವಾಯಿ ನುಡಿ ದೂರವಾಗತೊಡಗಿತು. 1898ರಲ್ಲಿ ದ್ವೀಪಗಳನ್ನು ಅಮೆರಿಕ ತನ್ನೊಳಗೆ ಸೇರಿಸಿಕೊಂಡಿತು.

ದೇಶ ಕಳೆದುಕೊಂಡವರ ಹಾಡು ಮಾತ್ರ ಅದೇ ಅಮೆರಿಕವನ್ನು ಗೆದ್ದಿತು. ಕೆಕೂಕು 1904ರಲ್ಲಿ ಹಡಗು ಹತ್ತಿ ಅಮೆರಿಕದ ಮುಖ್ಯ ನೆಲಕ್ಕೆ ಹೋದ. ಊರೂರು ತಿರುಗಿ ನುಡಿಸಿದ, ಪಾಠ ಹೇಳಿದ. 1912ರಲ್ಲಿ ನ್ಯೂಯಾರ್ಕಿನ ರಂಗಭೂಮಿಗೆ ಬಂದ 'ದ ಬರ್ಡ್ ಆಫ್ ಪ್ಯಾರಡೈಸ್' ನಾಟಕದಲ್ಲಿ ಹವಾಯಿ ವಾದ್ಯಗಾರರಿದ್ದರು. 1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಡೆದ ದೊಡ್ಡ ವಸ್ತುಪ್ರದರ್ಶನದಲ್ಲಿ ಹವಾಯಿಯದೇ ಒಂದು ಮಂಟಪವಿತ್ತು. ಲಕ್ಷಾಂತರ ಜನ ಅಲ್ಲಿ ಈ ಜಾರುವ ಗಿಟಾರು ಕೇಳಿದರು. ಮರುವರ್ಷದ ಹೊತ್ತಿಗೆ ಗ್ರಾಮಫೋನ್ ಅಂಗಡಿಗಳಲ್ಲಿ ಹವಾಯಿ ತಟ್ಟೆಗಳಿಗೆ ಎಲ್ಲಿಲ್ಲದ ಬೇಡಿಕೆ. 1919ರಲ್ಲಿ ಕೆಕೂಕು ನಾಟಕದ ತಂಡದ ಜೊತೆ ಯೂರೋಪಿಗೂ ಹೋದ. 1932ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ತೀರಿಕೊಂಡ.

ಅದೇ ಹೊತ್ತಿಗೆ ಇನ್ನೊಂದು ಸಂಗತಿ ನಡೆಯಿತು. ದೊಡ್ಡ ಸಭಾಂಗಣಗಳಲ್ಲಿ ಗಿಟಾರಿನ ದನಿ ಹಿಂದಿನ ಸಾಲಿಗೆ ಕೇಳುತ್ತಿರಲಿಲ್ಲ. ಅದಕ್ಕೆ ವಿದ್ಯುತ್ ಜೋಡಿಸುವ ಪ್ರಯತ್ನಗಳು ನಡೆದವು. 1932ರಲ್ಲಿ ರಿಕನ್‌ಬ್ಯಾಕರ್ ಕಂಪನಿ ಮಾರುಕಟ್ಟೆಗೆ ಬಿಟ್ಟ ಎಲೆಕ್ಟ್ರಿಕ್ ಗಿಟಾರು ವ್ಯಾಪಾರದಲ್ಲಿ ಗೆದ್ದ ಮೊದಲನೆಯದು. ಗುಂಡಗಿನ ಮೈ, ಉದ್ದನೆಯ ಹಿಡಿ. ನೋಡಿದವರು ಅದಕ್ಕೆ 'ಹುರಿಯುವ ಬಾಣಲೆ' ಅಂತ ಅಡ್ಡಹೆಸರಿಟ್ಟರು. ಅದೂ ತೊಡೆಯ ಮೇಲೆ ಮಲಗಿಸಿ ನುಡಿಸುವ ಹವಾಯಿ ಗಿಟಾರೇ. ಇವತ್ತು ಆರ್ಕೆಸ್ಟ್ರಾದ ಹುಡುಗರು ಕೊರಳಿಗೆ ಹಾಕಿಕೊಂಡು ಕುಣಿಯುವ ಎಲೆಕ್ಟ್ರಿಕ್ ಗಿಟಾರಿನ ಅಜ್ಜ, ಮಲಗಿಕೊಂಡೇ ಇದ್ದ.

ಕಲ್ಕತ್ತಾದ ಹೋಟೆಲಿನಿಂದ ನಮ್ಮ ರೇಡಿಯೊಗೆ

ಭಾರತಕ್ಕೆ ಇದು ಬಂದ ದಾರಿಯೂ ಲಾಯಿಯೆ ಊರಿನದೇ. ಸಮೋವಾ ದ್ವೀಪದಲ್ಲಿ ಹುಟ್ಟಿ ಲಾಯಿಯೆಯಲ್ಲಿ ಬೆಳೆದ ಟಾವು ಮೋ ಎಂಬ ಸ್ಟೀಲ್ ಗಿಟಾರು ವಾದಕರು 1920ರ ದಶಕದ ಕೊನೆಯಲ್ಲಿ ಒಂದು ಹವಾಯಿ ತಂಡದ ಜೊತೆ ಏಷ್ಯಾ ಪ್ರವಾಸ ಹೊರಟರು. ಹೆಂಡತಿ ರೋಸ್ ಕೂಡ ಅದೇ ತಂಡದ ಹಾಡುಗಾರ್ತಿ. 1929ರ ಸುಮಾರಿಗೆ ಅವರು ಭಾರತದಲ್ಲಿ ನುಡಿಸಿದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಕಲ್ಕತ್ತಾದಲ್ಲೇ ವರ್ಷಗಟ್ಟಲೆ ನೆಲೆಸಿ, ಹೋಟೆಲುಗಳಲ್ಲಿ ಕಾರ್ಯಕ್ರಮ ಕೊಡುತ್ತ, ಕಲಿಯಬಂದವರಿಗೆ ಕಲಿಸಿದರು. ಅಲ್ಲಿಂದ ಗಿಟಾರು ಬಂಗಾಳಿ ಮನೆಗಳಿಗೆ ಹೋಯಿತು. ಟಾಗೋರರ ಹಾಡುಗಳನ್ನು ಹವಾಯಿ ಗಿಟಾರಿನಲ್ಲಿ ನುಡಿಸುವುದು ಅಲ್ಲಿನ ಮಧ್ಯಮ ವರ್ಗದ ಮನೆಗಳಲ್ಲಿ ರೂಢಿಯೇ ಆಯಿತು.

ಯಾಕೆ ಇಷ್ಟು ಬೇಗ ಒಗ್ಗಿತು? ಇಲ್ಲಿ ಹಾರ್ಮೋನಿಯಂ ಕಥೆ ನೆನಪು ಮಾಡಿಕೊಳ್ಳಬೇಕು. ಅದೂ ಹೊರಗಿನಿಂದ ಬಂದ ವಾದ್ಯ. ನಾಟಕ ಕಂಪನಿಗಳಲ್ಲಿ, ಭಜನೆಗಳಲ್ಲಿ, ಖವ್ವಾಲಿಗಳಲ್ಲಿ ಬೇರು ಬಿಟ್ಟಿತ್ತು. ಆದರೆ 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂ ಅನ್ನು ತನ್ನ ಸ್ಟುಡಿಯೊಗಳಿಂದ ಹೊರಗಿಟ್ಟಿತು. ಮುಖ್ಯ ಆಕ್ಷೇಪ ನಾವು ಮೇಲೆ ಹೇಳಿದ್ದೇ: ಅದರ ಮನೆಗಳ ನಡುವೆ ಸ್ವರ ಜಾರುವುದಿಲ್ಲ, ಗಮಕ ಬರುವುದಿಲ್ಲ. 1971ರವರೆಗೆ ಈ ನಿಷೇಧ ಇತ್ತು. ನಮ್ಮ ಹಳ್ಳಿಗಳು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ, ಭಜನೆ ನಿಲ್ಲಲಿಲ್ಲ, ಅದು ಬೇರೆ ಮಾತು. ಆದರೆ ಅದೇ ಕಾಲದಲ್ಲಿ ಹವಾಯಿಯಿಂದ ಬಂದ ಗಿಟಾರಿಗೆ ರೇಡಿಯೊ ಬಾಗಿಲು ತೆರೆದಿತ್ತು. ಅದಕ್ಕೆ ಹಾಡಿನ ಹಾಗೆ ಎಳೆಯಲು ಬರುತ್ತಿತ್ತು.

ಆಮೇಲೆ ಬಂದದ್ದು ಸಿನಿಮಾ ಹಾಡು. ವ್ಯಾನ್ ಶಿಪ್ಲೆ, ಕಲ್ಕತ್ತಾದ ಸುನಿಲ್ ಗಂಗೂಲಿ ಮುಂತಾದವರು ಜನಪ್ರಿಯ ಹಿಂದಿ ಹಾಡುಗಳನ್ನು ಎಲೆಕ್ಟ್ರಿಕ್ ಹವಾಯಿ ಗಿಟಾರಿನಲ್ಲಿ ನುಡಿಸಿದ ತಟ್ಟೆಗಳು ಮನೆಮನೆಗೆ ತಲುಪಿದವು. ಹಾಡಿನ ಮಾತು ಗೊತ್ತಿದ್ದವರಿಗೆ ಗಿಟಾರು ಆ ಮಾತನ್ನೇ ಆಡಿದಂತೆ ಕೇಳಿಸುತ್ತಿತ್ತು. ನಮ್ಮ ಸೀಮೆಗೆ ಹತ್ತಿರದ ಭದ್ರಾವತಿ ಆಕಾಶವಾಣಿ ಶುರುವಾದದ್ದು 1965ರಲ್ಲಿ. ಚಹಾದಂಗಡಿಯ ಹಿರಿಯರು ಹೇಳಿದ "ಮೊದ್ಲೆಲ್ಲಾ" ಅನ್ನುವುದು ಇಂಥ ರೇಡಿಯೊ ಕಾಲ. ಕಾರ್ಯಕ್ರಮಗಳ ನಡುವೆ ಸಮಯ ಉಳಿದಾಗ ಎರಡು ನಿಮಿಷ ವಾದ್ಯಸಂಗೀತ ಹಾಕುತ್ತಿದ್ದರು. ವಾದ್ಯದ ಹೆಸರು ಗೊತ್ತಿಲ್ಲದೆಯೇ ಅದರ ನಾದ ಅಡಿಕೆ ಸುಲಿಯುವವರ ಕಿವಿಗೂ ಬೀಳುತ್ತಿತ್ತು.

ರಾಗಕ್ಕೆ ಬಗ್ಗಿದ ಗಿಟಾರು

ಸಿನಿಮಾ ಹಾಡು ಸರಿ, ಗಂಟೆಗಟ್ಟಲೆ ರಾಗ ನುಡಿಸಲು ಇದಕ್ಕೆ ಆಗುತ್ತದೆಯೇ? ಈ ಪ್ರಶ್ನೆಗೆ ಉತ್ತರ ಕೊಟ್ಟವರು ಜೋಧಪುರದ ಬ್ರಿಜ್ ಭೂಷಣ್ ಕಾಬ್ರಾ. ಸರೋದ್ ಮಾಂತ್ರಿಕ ಅಲಿ ಅಕ್ಬರ್ ಖಾನರ ಶಿಷ್ಯರು. ಗಿಟಾರಿನಲ್ಲಿ ರಾಗ ನುಡಿಸುತ್ತೇನೆ ಅಂದಾಗ ಜನ ನಂಬದ ಕಾಲ ಅದು. ಅವರು ಗಿಟಾರನ್ನು ನಮ್ಮ ಸಂಗೀತಕ್ಕೆ ತಕ್ಕಂತೆ ತಿದ್ದಿದರು. ಹಲವು ಸ್ವರ ಒಟ್ಟಿಗೆ ಹೊರಡಿಸುವ ಪಾಶ್ಚಾತ್ಯ ಕ್ರಮ ಬಿಟ್ಟು, ಒಂದೇ ಎಳೆಯ ರಾಗಕ್ಕೆ ಕೆಲವು ತಂತಿ, ಷಡ್ಜ ಹಿಡಿದು ನಿಲ್ಲಲು ಶ್ರುತಿಯ ತಂತಿ ಅಂತ ಬೇರೆ ಮಾಡಿದರು. 1967ರಲ್ಲಿ ಶಿವಕುಮಾರ ಶರ್ಮಾರ ಸಂತೂರ್, ಹರಿಪ್ರಸಾದ್ ಚೌರಾಸಿಯಾರ ಕೊಳಲು, ಕಾಬ್ರಾರ ಗಿಟಾರು ಸೇರಿ 'ಕಾಲ್ ಆಫ್ ದ ವ್ಯಾಲಿ' ಎಂಬ ತಟ್ಟೆ ಬಂತು. ಕಾಶ್ಮೀರದ ಕುರಿಗಾಹಿಯೊಬ್ಬನ ಒಂದು ದಿನದ ಕಥೆ ಅದು. ದನಗಾಹಿಗಳ ಕೈಯಿಂದ ಹೊರಟ ಗಿಟಾರು ಕುರಿಗಾಹಿಯ ಕಥೆ ಹೇಳುವಷ್ಟು ದೂರ ಬಂದಿತ್ತು.

ಜೈಪುರದ ವಿಶ್ವಮೋಹನ ಭಟ್ಟರು ಇನ್ನೂ ಮುಂದೆ ಹೋದರು. ಅವರ 'ಮೋಹನ ವೀಣೆ'ಗೆ ಇಪ್ಪತ್ತು ತಂತಿ: ರಾಗಕ್ಕೆ 3, ಶ್ರುತಿಗೆ 5, ಮೀಟದಿದ್ದರೂ ತಾವಾಗಿ ಅನುರಣಿಸುವ ತಂತಿಗಳು 12. ಅಮೆರಿಕದ ರೈ ಕೂಡರ್ ಎಂಬ ಗಿಟಾರು ವಾದಕರ ಜೊತೆ ನುಡಿಸಿದ 'ಎ ಮೀಟಿಂಗ್ ಬೈ ದ ರಿವರ್' ಧ್ವನಿಮುದ್ರಿಕೆಗೆ 1994ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂತು.

ನಮ್ಮ ರಾಜ್ಯದಲ್ಲೂ ಈ ಪರಂಪರೆ ಇದೆ. ಬೆಂಗಳೂರಿನ ಪ್ರಕಾಶ್ ಸೊಂಟಕ್ಕೆ ಜಾರುಗಿಟಾರಿನಲ್ಲಿ ಹಿಂದೂಸ್ತಾನಿ ರಾಗ ನುಡಿಸುತ್ತಾರೆ. 2015ರಲ್ಲಿ ಗ್ರ್ಯಾಮಿ ಪಡೆದ, ಬೆಂಗಳೂರಿನ ರಿಕ್ಕಿ ಕೇಜ್ ಮತ್ತು ದಕ್ಷಿಣ ಆಫ್ರಿಕಾದ ವೌಟರ್ ಕೆಲ್ಲರ್‌ಮನ್ ಅವರ 'ವಿಂಡ್ಸ್ ಆಫ್ ಸಂಸಾರ' ಧ್ವನಿಮುದ್ರಿಕೆಯಲ್ಲಿ ಅವರ ಗಿಟಾರೂ ಇದೆ.

ಕನ್ನಡದವರು ಹೊರಗಿನ ವಾದ್ಯ ಒಗ್ಗಿಸಿಕೊಂಡ ಬಗೆ

ಹೊರಗಿನ ವಾದ್ಯವನ್ನು ಒಗ್ಗಿಸಿಕೊಳ್ಳುವುದು ನಮಗೆ ಹೊಸದಲ್ಲ. ಪಿಟೀಲು ಯೂರೋಪಿನದು. ಅದಕ್ಕೆ ಮೆಟ್ಟಿಲು ಇಲ್ಲ, ಬೆರಳು ಜಾರುತ್ತದೆ; ಆದ್ದರಿಂದಲೇ ಕರ್ನಾಟಕ ಸಂಗೀತಕ್ಕೆ ಹೇಳಿ ಮಾಡಿಸಿದ ಹಾಗೆ ಕೂತಿತು. ತಿರುಮಕೂಡಲಿನ ಟಿ. ಚೌಡಯ್ಯನವರು ಮೈಕಿಲ್ಲದ ಕಾಲದಲ್ಲಿ ಹಿಂದಿನ ಸಾಲಿನವರಿಗೆ ತಮ್ಮ ಪಿಟೀಲು ಕೇಳುವುದಿಲ್ಲವೆಂದು ನೊಂದುಕೊಂಡು, ನಾಲ್ಕು ತಂತಿಯ ಜೊತೆ ಇನ್ನೂ ಮೂರು ಸೇರಿಸಿ ಏಳು ತಂತಿಯ ಪಿಟೀಲು ಮಾಡಿಕೊಂಡರು. ಅದು 1920ರ ದಶಕದ ಮಾತು. ಅಮೆರಿಕದಲ್ಲಿ ಗಿಟಾರಿಗೆ ವಿದ್ಯುತ್ ಜೋಡಿಸಲು ಒದ್ದಾಡುತ್ತಿದ್ದ ಕಾಲವೂ ಅದೇ. ಕಷ್ಟ ಒಂದೇ, ಕಂಡುಕೊಂಡ ದಾರಿ ಬೇರೆ. ಬೆಂಗಳೂರಿನಲ್ಲಿ ಪಿಟೀಲಿನ ಆಕಾರದಲ್ಲೇ ಕಟ್ಟಿರುವ ಸಭಾಂಗಣ ಅವರ ಹೆಸರಿನದು.

ಬಂಟ್ವಾಳ ತಾಲ್ಲೂಕಿನ ಸಜೀಪಮೂಡದಲ್ಲಿ 1949ರಲ್ಲಿ ನಾಗಸ್ವರ ನುಡಿಸುವವರ ಮನೆಯಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾದರು. ಆ ವಾದ್ಯದಲ್ಲಿ ಗಮಕ ತರಲು ಅವರು ತೆಗೆದುಕೊಂಡದ್ದು ವರ್ಷಗಟ್ಟಲೆ ಸಾಧನೆ. ಇವತ್ತು ನಮ್ಮ ಮದುವೆ ಛತ್ರಗಳಲ್ಲಿ ವಾಲಗದ ಜಾಗದಲ್ಲಿ ಸ್ಯಾಕ್ಸೊಫೋನ್ ಕೇಳಿದರೆ ಯಾರೂ ಹುಬ್ಬೇರಿಸು­ವುದಿಲ್ಲ.

ಈ ಕಥೆಗಳನ್ನೆಲ್ಲ ಪಕ್ಕಪಕ್ಕ ಇಟ್ಟು ನೋಡಿದಾಗ ನಮಗೆ ಕಂಡದ್ದು ಇಷ್ಟು. ವಾದ್ಯ ಎಲ್ಲಿಂದ ಬಂತು ಅಂತ ಜನ ಕೇಳುವುದಿಲ್ಲ. ನಮ್ಮ ಹಾಡನ್ನು ನಮ್ಮ ಹಾಗೆ ಹಾಡುತ್ತದೆಯೇ ಅಂತ ಕೇಳುತ್ತಾರೆ. ಹಾಡದಿದ್ದರೆ ಬಿರಡೆ ಸಡಿಲಿಸುತ್ತಾರೆ, ತಂತಿ ಎತ್ತರಿಸುತ್ತಾರೆ, ಇನ್ನೂ ಮೂರು ತಂತಿ ಸೇರಿಸುತ್ತಾರೆ. ಈ ಕೆಲಸ ಮಾಡಿದವರಲ್ಲಿ ಹೆಚ್ಚಿನವರು ಹಳ್ಳಿಯವರು, ದನ ಕಾದವರು, ಕೂಲಿ ಮಾಡಿದವರು, ಊರು ಬಿಟ್ಟವರು.

ಯಾರ ಹೆಸರು ಉಳಿಯಿತು?

ಕೆಕೂಕುವಿನ ಹೆಸರು ಉಳಿಯಿತು, ಯಾಕೆಂದರೆ ಅವನ ಊರಿನವರೂ ಜೊತೆಯಲ್ಲಿ ಓದಿದವರೂ ಅವನ ಬಗ್ಗೆ ಹೇಳಿದರು, ಕೇಳಿದವರು ಬರೆದಿಟ್ಟರು. ಹಡಗಿನಲ್ಲಿ ಬಂದ ಭಾರತದ ಹುಡುಗನ ಬಗ್ಗೆ ಹೇಳಲು ಅಲ್ಲಿ ಅವನ ಊರಿನವರು ಯಾರೂ ಇರಲಿಲ್ಲ. ರೈಲು ನಿಲ್ದಾಣದ ಕೂಲಿಯ ನಾದ ಉಳಿಯಿತು, ಹೆಸರು ಉಳಿಯಲಿಲ್ಲ.

ನಮ್ಮ ಊರುಗಳ ಸ್ಥಿತಿ ಈ ಕೊನೆಯವನ ಸ್ಥಿತಿಯೇ. ನಿಮ್ಮೂರ ಭಜನೆ ಮನೆಗೆ ಮೊದಲ ಹಾರ್ಮೋನಿಯಂ ತಂದವರು ಯಾರು? ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತು ಬಂದ ಗವಾಯಿಗಳು ಯಾರಾದರೂ ನಿಮ್ಮಲ್ಲಿ ಉಳಿದು ಹುಡುಗರಿಗೆ ಪಾಠ ಹೇಳಿದ್ದರೇ? ನಾಟಕಕ್ಕೆ ಕಾಲು ಹಾರ್ಮೋನಿಯಂ ಯಾವ ಊರಿಂದ ಗಾಡಿಯಲ್ಲಿ ಬರುತ್ತಿತ್ತು? ಚೌಡಿಕೆ ಹಿಡಿದು ಮನೆ ಮುಂದೆ ಬರುತ್ತಿದ್ದ ತಾಯಿಯ ಹೆಸರು ಏನು? ಜೋಳಿಗೆಗೆ ಜೋಳ ಹಾಕಿದವರು ಎಷ್ಟೋ ಜನ, ಹೆಸರು ಕೇಳಿದವರು ಎಷ್ಟು ಜನ?

ಆ ಸಂಜೆ ಚಹಾದಂಗಡಿಯಲ್ಲಿ ನಾವೂ ತಪ್ಪು ಮಾಡಿದೆವು. ಗಿಟಾರಿನ ಬಗ್ಗೆ ಹೇಳಿದ ಹಿರಿಯರು ಬೀಡಿ ಮುಗಿಸಿ ಎದ್ದು ಹೋದರು. ಅವರು ಅದನ್ನು ರೇಡಿಯೊದಲ್ಲಿ ಕೇಳಿದ್ದರೇ, ಅಥವಾ ಯಾವಾಗಲೋ ಕೈಯಲ್ಲಿ ಹಿಡಿದು ನುಡಿಸಿಯೂ ಇದ್ದರೇ? "ತೊಡೆ ಮ್ಯಾಲೆ ಮಲಗ್ಸಿ" ಅನ್ನುವಾಗ ಅವರ ಎಡಗೈ ತೊಡೆಯ ಮೇಲೆ ಅಡ್ಡಕ್ಕೆ ಜಾರಿದ್ದು ನಮಗೆ ಆಮೇಲೆ ನೆನಪಾಯಿತು. ಕೇಳುವುದನ್ನು ಮರೆತಿದ್ದೆವು. ಪತ್ರಿಕೋದ್ಯಮ ಓದಿದವರು ನಾವು!

ಮುಂದಿನ ವಾರ ಮತ್ತೆ ಅದೇ ಬೆಂಚಿಗೆ ಹೋಗುತ್ತೇವೆ. ನೀವೂ ಇವತ್ತು ರಾತ್ರಿ ಊಟವಾದ ಮೇಲೆ ಮನೆಯ ಹಿರಿಯರನ್ನು ಒಂದು ಮಾತು ಕೇಳಿ. ಅವರು ಹೇಳುವ ಹೆಸರನ್ನೂ ಊರನ್ನೂ ಒಂದು ಚೀಟಿಯ ಮೇಲಾದರೂ ಬರೆದಿಡಿ.